ಜೊತೆಗುರಿ ಕಟ್ಟಿದ ದಾಸಣ್ಣ

ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಗೆ ಸಮೀಪದ ಗೊಲ್ಲರಹಟ್ಟಿಯ ದಾಸಣ್ಣ ಹುಟ್ಟಿದ ತಾರೀಖು ಯಾವ ದಾಖಲೆಯಲ್ಲಿಯೂ ಇಲ್ಲ. ಅವನ ಅಕ್ಕ ಕರಿಯಕ್ಕನ ಪ್ರಕಾರ ಅವನು ಹುಟ್ಟಿದ್ದು ಹಟ್ಟಿಯ ಬಾವಿಗೆ ಕಲ್ಲು ಕಟ್ಟಿಸಿದ ವರ್ಷ. ಬಾವಿಯ ಕಲ್ಲಿನ ಮೇಲೆ 1932 ಎಂದು ಕೆತ್ತಿರುವುದರಿಂದ ಅದನ್ನೇ ನಂಬಬೇಕು. ಆದರೆ ಶಿರಾದ ಮಂಗಳವಾರದ ಸಂತೆಯಲ್ಲಿ ಅವನ ಹೆಸರು ಹುಟ್ಟಿದ ದಿನದ ಬಗ್ಗೆ ಯಾರಿಗೂ ಸಂದೇಹವಿಲ್ಲ. ಅದು 1974ನೆಯ ಇಸವಿ ನವೆಂಬರ್ ತಿಂಗಳ ಹನ್ನೆರಡನೆಯ ತಾರೀಖು.

ಆ ದಿನ ಪಾವಗಡದ ಕಡೆಯಿಂದ ಒಂದು ಕುರಿಹಿಂಡು ಸಂತೆಗೆ ಬಂದಿತ್ತು. ಮೂಳೆ ಎಣಿಸಬಹುದಾದಷ್ಟು ಸೊರಗಿದ ಕುರಿಗಳು. ಬೆಳಗಿನಿಂದ ಒಬ್ಬರೂ ಅವುಗಳ ಬಳಿಗೆ ಹೋಗಿರಲಿಲ್ಲ. ದಾಸಣ್ಣ ಹೋದ. ಒಂದೊಂದು ಕುರಿಯ ಬಾಯಿ ಬಿಡಿಸಿ ಹಲ್ಲು ನೋಡಿದ, ಬೆನ್ನೆಲುಬಿನ ಮೇಲೆ ಬೆರಳಾಡಿಸಿದ, ಕಣ್ಣಿನ ಕೆಳರೆಪ್ಪೆ ಎಳೆದು ಒಳಗೆ ಕೆಂಪಿದೆಯೋ ಬಿಳುಪಿದೆಯೋ ಎಂದು ಪರೀಕ್ಷಿಸಿದ. ಕೊನೆಗೆ ಇಡೀ ಹಿಂಡನ್ನು ಕೊಂಡುಬಿಟ್ಟ.

ಅವನ ನೆರೆಮನೆಯ ಹುಚ್ಚಣ್ಣ ಸ್ಥೂಲದೇಹಿ. ನಾಲಗೆ ಮಾತ್ರ ಬಲು ಹರಿತ. ಹಟ್ಟಿಗೆ ಮರಳುವ ದಾರಿಯುದ್ದಕ್ಕೂ ಅವನು ಬಿಡಲಿಲ್ಲ.

“ಲೇ ದಾಸಣ್ಣ, ಕುರಿ ತಗಂಡ್ಯೋ, ಬರೀ ಚರ್ಮ ತಗಂಡ್ಯೋ? ಗಾಳಿ ಬೀಸಿದ್ರೆ ಹಾರೋಯ್ತವೆ ಕಣ್ಲಾ.”

“ಹಾರೋ ಅಂಗಿದ್ರೆ ನಿನ್ನೇ ತಂದು ಅವುಗಳ ಮ್ಯಾಲೆ ಕುಂಡ್ರಿಸ್ತೀನಿ ಬುಡು. ಆಮ್ಯಾಕೆ ಬಿರುಗಾಳಿ ಬಂದ್ರೂ ಅಲ್ಲಾಡಕಿಲ್ಲ.”

ಮೇವಿಲ್ಲದೆ ಸೊರಗಿದ ಕುರಿ ಬೇರೆ, ರೋಗದಿಂದ ಸೊರಗಿದ ಕುರಿ ಬೇರೆ. ದೂರದಿಂದ ನೋಡುವವರಿಗೆ ಎರಡೂ ಒಂದೇ. ಸಂತೆಯವರು ದೂರದಿಂದ ನೋಡಿ ಬೆಲೆ ಕಟ್ಟಿದ್ದರು, ದಾಸಣ್ಣ ಹತ್ತಿರದಿಂದ ನೋಡಿ ಕೊಂಡಿದ್ದ. ಮರುವರ್ಷದ ಯುಗಾದಿಯ ಹೊತ್ತಿಗೆ ಅದೇ ಕುರಿಗಳು ಇಮ್ಮಡಿಗಿಂತ ಹೆಚ್ಚಿನ ಬೆಲೆಗೆ ಹೋದವು.

ಅಲ್ಲಿಂದ ಮುಂದೆ ಸಂತೆಯಲ್ಲಿ ಅವನ ಹಿಂದೆ ಒಂದು ಗುಂಪೇ ಸುತ್ತತೊಡಗಿತು. ಅವನು ಯಾವ ಹಿಂಡಿನ ಬಳಿ ನಿಂತನೋ ಅದೇ ಹಿಂಡಿನಲ್ಲಿ ತಮಗೂ ಎರಡು ಬೇಕೆಂದು ಮುಗಿಬೀಳುವವರು. ಇದನ್ನು ಕಂಡು ದಾಸಣ್ಣ ನಗುತ್ತಿದ್ದ. ಶಿರಾ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಮಾರುವವನೂ ಕೊಳ್ಳುವವನೂ ಒಂದು ಟವೆಲಿನ ಕೆಳಗೆ ಕೈಸೇರಿಸಿ, ಬೆರಳು ಹಿಡಿದು, ಬೆರಳು ಬಿಟ್ಟು ವ್ಯಾಪಾರ ಕುದುರಿಸುತ್ತಾರೆ. ಸುತ್ತ ನಿಂತವರಿಗೆ ಕಾಣುವುದು ಟವೆಲಿನ ಅಲುಗಾಟ ಮಾತ್ರ.

“ನಾನು ಯಾವ ಕುರಿ ತಗಂಡೆ ಅಂತ ಕಂಡವರೆ, ಎಷ್ಟಕ್ಕೆ ತಗಂಡೆ ಅಂತ ಕಂಡಿಲ್ಲ,” ಎಂದು ಅವನು ಅಕ್ಕನ ಮುಂದೆ ಹೇಳಿದ್ದುಂಟು. “ನಾನು ಬುಟ್ಟು ಎದ್ದೇಟ್ಗೆ ಅದೇ ಕುರೀಗೆ ಒಂದೂವರೆಪಟ್ಟು ಕೊಟ್ಟು ತಗಂಡೋಯ್ತಾರೆ ಕಣಕ್ಕ. ಒಳ್ಳೆ ಕುರಿಯೇ, ಇಲ್ಲ ಅನ್ನಕಿಲ್ಲ. ಆದ್ರೆ ಆ ರೇಟ್ಗೆ ಅದು ಒಳ್ಳೆ ಕುರಿ ಅಲ್ಲ.”

ಆದರೆ ಬೆನ್ನಹಿಂದೆ ನಕಲು ಮಾಡದೆ ನೇರವಾಗಿ ಬಂದು ಕೇಳಿದವರಿಗೆ ಅವನು ಎಂದೂ ಇಲ್ಲವೆಂದವನಲ್ಲ. ಅದಕ್ಕೊಂದು ಕಟ್ಟುಪಾಡಿತ್ತು. ತಿಳಿಯದವರಿಗೆ ಕುರಿ ಆರಿಸಿಕೊಡುವವನು ಅದೇ ಹಿಂಡಿನಿಂದ ತನಗೂ ಒಂದನ್ನು ಕೊಂಡು ತನ್ನ ರೊಪ್ಪದಲ್ಲಿ, ಅಂದರೆ ಕುರಿದೊಡ್ಡಿಯಲ್ಲಿ, ಕಟ್ಟಬೇಕು. ಅದನ್ನು ಜೊತೆಗುರಿ ಎನ್ನುತ್ತಿದ್ದರು. ಕೇಳಿದವರು ತಮ್ಮದನ್ನು ಮಾರುವ ತನಕ ಆರಿಸಿದವನು ಜೊತೆಗುರಿಯನ್ನು ಮಾರುವಂತಿಲ್ಲ. ಮಾರಲೇಬೇಕಾದರೆ ಮೊದಲು ಹೇಳಿ ಕಳಿಸಬೇಕು. ಇದಕ್ಕೆ ಸಂಭಾವನೆಯಿಲ್ಲ, ಸಾಕ್ಷಿಯಿಲ್ಲ, ಬರವಣಿಗೆಯಿಲ್ಲ. ಹೇಳಿ ಕಳಿಸದಿದ್ದರೆ ಜೊತೆಗುರಿ ರೊಪ್ಪದಲ್ಲೇ ಇದೆಯೆಂದು ತಿಳಿದು ಎಲ್ಲರೂ ನಿಶ್ಚಿಂತರಾಗಿರುತ್ತಿದ್ದರು.

ಮಧುಗಿರಿಯ ವಕೀಲ ಗಂಗಾಧರಯ್ಯನವರು ಅವನಿಗೆ ಪರಿಚಯವಾದದ್ದು ಕುರಿಗಳ ದೆಸೆಯಿಂದಲೇ. ಹಟ್ಟಿಯವರು ಕುರಿ ಹೊಡೆದುಕೊಂಡು ಹೋಗುವ ದಾರಿಗೆ ಪಕ್ಕದ ಜಮೀನಿನವರು ಬೇಲಿ ಹಾಕಿದ್ದರು. ಮೇಲ್ಮನವಿ ಮಧುಗಿರಿಯ ಉಪವಿಭಾಗಾಧಿಕಾರಿಗಳ ಕಚೇರಿಗೆ ಹೋಯಿತು. ಹಟ್ಟಿಯ ಪರವಾಗಿ ವಾದಿಸಿದವರು ಗಂಗಾಧರಯ್ಯನವರು. 1979ನೆಯ ಇಸವಿ ಜೂನ್ ಇಪ್ಪತ್ತೊಂದರಂದು, ಗುರುವಾರ, ದಾರಿ ಬಿಡಿಸುವಂತೆ ಆದೇಶವಾಯಿತು. ಅಂದಿನಿಂದ ದಾಸಣ್ಣನಿಗೆ ಅವರೆಂದರೆ ಎಲ್ಲಿಲ್ಲದ ಗೌರವ.

ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ತಾಲ್ಲೂಕುಗಳಲ್ಲಿ ಗಂಗಾಧರಯ್ಯನವರು ಹೆಸರುವಾಸಿಯಾಗಿದ್ದುದು ವಕಾಲತ್ತಿನಿಂದಲ್ಲ, ಷೇರುಗಳಿಂದ. 1977ರ ಸುಮಾರಿನಲ್ಲಿ ವಿದೇಶೀ ಕಂಪನಿಗಳು ತಮ್ಮ ಷೇರುಗಳನ್ನು ಇಲ್ಲಿಯವರಿಗೆ ಮಾರತೊಡಗಿದಾಗ, ಆ ಕಡೆ ಯಾರಿಗೂ ಷೇರೆಂದರೇನೆಂದು ತಿಳಿಯದಿದ್ದ ಕಾಲದಲ್ಲಿ, ಅವರು ಕೊಂಡಿದ್ದರು. ಎಂಟು ವರ್ಷಗಳಲ್ಲಿ ಅವು ಹಲವುಪಟ್ಟಾದವು. ಅವರು ಯಾವ ಕಂಪನಿಗೆ ಅರ್ಜಿ ಹಾಕಿದರೆಂದು ತಿಳಿಯಲು ಕೋರ್ಟಿನ ಗುಮಾಸ್ತರೂ ಹೈಸ್ಕೂಲಿನ ಮೇಷ್ಟರುಗಳೂ ಮಧುಗಿರಿ ಬೆಟ್ಟದ ಬುಡದ ಕಾಫಿ ಹೋಟೆಲಿನಲ್ಲಿ ಕಾದಿರುತ್ತಿದ್ದರು. ‘ಷೇರು ಗಂಗಾಧರಯ್ಯ’ ಎಂದರೆ ಪಾವಗಡದ ಎಣ್ಣೆಮಿಲ್ಲಿನವರಿಗೂ ಗೊತ್ತು.

“ಇದರಲ್ಲಿ ಮಾಯ ಮಂತ್ರ ಏನೂ ಇಲ್ಲ ಕಣಯ್ಯ,” ಎಂದು ಅವರೊಮ್ಮೆ ದಾಸಣ್ಣನಿಗೆ ಹೇಳಿದ್ದರು. “ಹತ್ತು ರೂಪಾಯಿ ಬಾಳುವ ವಸ್ತು, ಜನಕ್ಕೆ ಬೇಡವಾದಾಗ ಆರಕ್ಕೆ ಸಿಗುತ್ತೆ. ಕೊಂಡು ಸುಮ್ಮನೆ ಕೂತ್ಕೋಬೇಕು. ಅಷ್ಟೆ.”

ದಾಸಣ್ಣ ಪುಳಕಿತನಾದ. ಅದು ಅವನದೇ ಮಾತು! ಪಾವಗಡದ ಕಡೆಯ ಆ ಸೊರಗಿದ ಹಿಂಡಿನ ಮಾತು. ಇಂಗ್ಲಿಷು ಓದಿ ಕರಿಕೋಟು ತೊಟ್ಟ ಮನುಷ್ಯನೊಬ್ಬ ತನ್ನ ಕಸುಬಿನವನೇ ಎಂದು ಅವನಿಗೆ ಆ ಗಳಿಗೆಯಲ್ಲಿ ಅನ್ನಿಸಿಬಿಟ್ಟಿತು.

1981ರಲ್ಲಿ ಗಂಗಾಧರಯ್ಯನವರು ಕೊರಟಗೆರೆ ಬಳಿಯ ತಮ್ಮ ಜಮೀನಿನಲ್ಲಿ ಕುರಿ ಸಾಕಲು ಮನಸ್ಸು ಮಾಡಿದರು. ದಾಸಣ್ಣ ಆರಿಸಿಕೊಟ್ಟ, ಕಟ್ಟುಪಾಡನ್ನು ವಿವರಿಸಿದ, ಜೊತೆಗುರಿ ಕಟ್ಟಿದ. ಮರುವರ್ಷ ಪಕ್ಕದ ಊರುಗಳಲ್ಲಿ ಕುರಿಗಳಿಗೆ ಕಾಯಿಲೆ ಹರಡುವ ಸೂಚನೆ ಕಂಡಾಗ ಹುಚ್ಚಣ್ಣನನ್ನು ಬಸ್ಸು ಹತ್ತಿಸಿ ಮಧುಗಿರಿಗೆ ಓಡಿಸಿದ: ನಾನು ಮಾರುತ್ತಿದ್ದೇನೆ, ನೀವು ಮೊದಲು ಮಾರಿ. ಗಂಗಾಧರಯ್ಯನವರು ಅಂದೇ ಮಾರಿದರು. ಅವರಿಗೆ ಒಂದು ಕುರಿಯೂ ನಷ್ಟವಾಗಲಿಲ್ಲ. “ನಿಮ್ಮ ಕಟ್ಟುಪಾಡು ಕಾನೂನಿಗಿಂತ ವಾಸಿ ಕಣಯ್ಯ,” ಎಂದು ಹೊಗಳಿ ಹುಚ್ಚಣ್ಣನಿಗೆ ಊಟ ಹಾಕಿಸಿ ಕಳಿಸಿದ್ದರು.

1985 ಷೇರುಗಳ ಸುಗ್ಗಿಯ ವರ್ಷ. ಆಗಸ್ಟ್ ಇಪ್ಪತ್ತೆರಡನೆಯ ತಾರೀಖು, ಗುರುವಾರ, ದಾಸಣ್ಣ ಮಧುಗಿರಿಗೆ ಹೋಗಿ ಗಂಗಾಧರಯ್ಯನವರ ಜಗುಲಿಯಲ್ಲಿ ಕುಳಿತ. ಟಗರುಗಳನ್ನು ಮಾರಿದ ಹಣ ಕೈಯಲ್ಲಿತ್ತು.

“ನೀವೀಗ ಯಾವುದರ ಮ್ಯಾಲೆ ಕೈ ಇಕ್ಕಿದ್ದೀರಿ ಸ್ವಾಮಿ?”

ಅವರು ಒಂದು ಪಂಪ್‌ಸೆಟ್ ಕಂಪನಿಯ ಹೆಸರು ಹೇಳಿದರು. ಆ ಹೆಸರನ್ನು ಇಲ್ಲಿ ಬರೆಯುವುದರಿಂದ ಈಗ ಯಾರಿಗೂ ಪ್ರಯೋಜನವಿಲ್ಲ.

“ಜೊತೆಗುರಿ ಕಟ್ಟಿದ್ದೀರಾ?”

ಗಂಗಾಧರಯ್ಯನವರು ಗಟ್ಟಿಯಾಗಿ ನಕ್ಕರು. “ಕಟ್ಟಿದ್ದೀನಿ ಕಣಯ್ಯ. ಒಂದಲ್ಲ, ಒಂದು ಮಂದೆ!”

ಅದು ನಿಜವೇ ಆಗಿತ್ತು. ಕಂಪನಿ ಶುರುವಾದಾಗ ಅವರು ಹತ್ತು ರೂಪಾಯಿಯಂತೆ ಕೊಂಡಿದ್ದರು. ದಾಸಣ್ಣ ಅವರ ಚೀಟಿ ಹಿಡಿದು ಹೋಗಿ ಬೆಂಗಳೂರಿನ ದಳ್ಳಾಳಿಯ ಮೂಲಕ ಕೊಂಡದ್ದು ಮೂವತ್ತನಾಲ್ಕರಂತೆ. ಅವರಿಗೆ ಬಿದ್ದ ಬೆಲೆಯೆಷ್ಟೆಂದು ಅವನು ಕೇಳಲಿಲ್ಲ. ಸಂತೆಯಲ್ಲಿ ತನ್ನ ಬೆನ್ನು ಬಿದ್ದವರನ್ನು ಕಂಡು ಹತ್ತು ವರ್ಷ ನಕ್ಕವನಿಗೆ ಆ ಪ್ರಶ್ನೆ ಹೊಳೆಯಲೇ ಇಲ್ಲ.

ಹುಚ್ಚಣ್ಣನಿಗೆ ಸುದ್ದಿ ತಿಳಿದಾಗ ಅವನು ಹಣೆ ಚಚ್ಚಿಕೊಂಡ.

“ಅದೇ ಮೋಟ್ರು ಕಂಪ್ನಿನಾ? ಲೇ, ನಮ್ಮ ಬಾವೀದು ವರ್ಸದಾಗೆ ಎಲ್ಡು ಸಲ ಸುಟ್ಟೋಯ್ತು ಕಣ್ಲಾ! ಬಾ ಇಲ್ಲಿ, ಬಿಚ್ಚಿ ಹರವಿದೀನಿ, ನೋಡ್ಕಂಡೋಗು.”

“ನೀನು ಮೋಟ್ರ ಮೇಲೂ ಕುಂತಿರ್ತೀಯ, ಅದುಕ್ಕೇ ಸುಟ್ಟೈತೆ.”

“ನಗಬ್ಯಾಡ. ಸತ್ಯ ಹೇಳ್ತಿದೀನಿ.”

“ಲಾಯರು ಓದ್ದೋರು. ಅವರೇ ಕಟ್ಕಂಡವರೆ. ನೀನು ಕಂಡ ಒಂದು ಮೋಟ್ರು ದೊಡ್ಡದೋ, ಅವರು ಕಂಡ ಕಂಪ್ನಿ ದೊಡ್ಡದೋ?”

ಹುಚ್ಚಣ್ಣನ ಬಾವಿಯ ಕಟ್ಟೆಯ ಮೇಲೆ ಆ ಮೋಟಾರು ನಿಜವಾಗಿಯೂ ಬಿಚ್ಚಿ ಬಿದ್ದಿತ್ತು. ಸುಟ್ಟ ತಂತಿಯ ವಾಸನೆ ದಾರಿಯ ತನಕ ಬರುತ್ತಿತ್ತು. ದಾಸಣ್ಣ ಆ ವಾಸನೆಯ ಪಕ್ಕದಲ್ಲೇ ಹಾದು ಮನೆಗೆ ಹೋದ. ಕುರಿಯಾಗಿದ್ದರೆ ನಿಂತು ಬಾಯಿ ಬಿಡಿಸಿ ನೋಡದೆ ಮುಂದಕ್ಕೆ ಹೆಜ್ಜೆಯಿಡುವವನಲ್ಲ.

ಷೇರು ಏರಿತು. ಊರಿನ ಮೇಷ್ಟರು ಪತ್ರಿಕೆ ನೋಡಿ ಬೆಲೆ ಹೇಳುತ್ತಿದ್ದರು. ಸಂಕ್ರಾಂತಿ ಕಳೆಯುವಷ್ಟರಲ್ಲಿ ಅದು ನಲವತ್ತು ದಾಟಿತು. ಆಗ ಬಾಯಿ ತೆರೆದವಳು ಕರಿಯಕ್ಕ.

ಕರಿಯಕ್ಕ ದಾಸಣ್ಣನಿಗಿಂತ ಆರು ವರ್ಷ ಹಿರಿಯಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲಿದ್ದಳು. ಕೆಲವು ಮರಿಗಳಿಂದ ಆರಂಭಿಸಿ ಸ್ವಂತ ಹಿಂಡು ಬೆಳೆಸಿದ್ದಳು. ಹಟ್ಟಿಯ ಅಂಚಿನಲ್ಲಿ ತನ್ನದೇ ಒಂದು ಮನೆ ಕಟ್ಟಿಸಿಕೊಂಡು, ಯಾರ ಹಂಗಿಗೂ ಬೀಳದೆ, ತನ್ನ ಒಲೆಯಲ್ಲಿ ತಾನು ಅಡುಗೆ ಮಾಡಿ ಉಣ್ಣಬೇಕೆಂಬುದೊಂದೇ ಅವಳ ಆಸೆ. ತಳಪಾಯದ ಕಲ್ಲು ಆಗಲೇ ಹಾಕಿಸಿದ್ದಳು.

“ಲೇ ದಾಸ, ನನ್ನ ಕುರೀಲಿ ಅರ್ಧ ಕೊಟ್ಬುಟ್ಟು ನಾನೂ ತಗಂತೀನಿ. ಗೋಡೆ ದುಡ್ಡಾದ್ರೂ ಹುಟ್ಲಿ. ನೀನು ಜೊತೆ ಕಟ್ಟಿದ್ದೀಯಲ್ವೇನ್ಲಾ?”

“ಕಟ್ಟಿದೀನಿ ಕಣಕ್ಕ. ನೀನು ಮಾರೋಗಂಟ ನಂದು ಅಲ್ಲಾಡಕಿಲ್ಲ.”

1986ನೆಯ ಇಸವಿ ಫೆಬ್ರವರಿ ಹದಿಮೂರನೆಯ ತಾರೀಖು, ಗುರುವಾರ, ಅಕ್ಕ ತಮ್ಮ ಇಬ್ಬರೂ ಮಧುಗಿರಿಗೆ ಹೋದರು. ಬೆಂಗಳೂರಿನ ದಳ್ಳಾಳಿಗೆ ಮತ್ತೊಂದು ಚೀಟಿ ಬರೆಸಿಕೊಳ್ಳಲು ಹೋದವರನ್ನು ಗಂಗಾಧರಯ್ಯನವರು ಕೂರಿಸಿದರು. “ಬೆಂಗಳೂರಿಗೆ ಯಾಕೆ ಅಲೀತೀರಿ? ನಾನೇ ಕೊಡಿಸ್ತೀನಿ,” ಎಂದರು. ನಲವತ್ತೊಂದರಂತೆ ಲೆಕ್ಕವಾಯಿತು. ಇಂಗ್ಲಿಷಿನ ಕಾಗದಗಳಿಗೆ ಕರಿಯಕ್ಕ ಹೆಬ್ಬೆಟ್ಟು ಒತ್ತಿದಳು. ಒಳಗಿನಿಂದ ಅವರ ಹೆಂಡತಿ ರಾಜಲಕ್ಷ್ಮಮ್ಮ ಬಂದು, ಯಾವುದೋ ಮೊಕದ್ದಮೆಗೆಂದು ಬಂದವಳೆಂದುಕೊಂಡು, ಅವಳಿಗೆ ಅರಿಸಿನ ಕುಂಕುಮದ ಬದಲು, ವಿಧವೆಯೆಂದು ತಿಳಿದು, ಎರಡು ಬಾಳೆಹಣ್ಣು ಕೊಟ್ಟು ಕಳಿಸಿದರು.

ಬೇಸಗೆಯ ಹೊತ್ತಿಗೆ ಬೆಲೆ ಇಳಿಯಲು ಆರಂಭಿಸಿತು. ಮೇ ಹದಿನಾರನೆಯ ತಾರೀಖು, ಶುಕ್ರವಾರ, ಗೊರವನಹಳ್ಳಿಯ ಮಹಾಲಕ್ಷ್ಮಿ ದೇವಸ್ಥಾನದ ಹೊರಗೆ ದಾಸಣ್ಣನಿಗೆ ಗಂಗಾಧರಯ್ಯನವರು ಎದುರಾದರು.

“ಸ್ವಾಮಿ, ಜೊತೆಗುರಿ ರೊಪ್ಪದಾಗೈತಲ್ಲ?”

ಗಂಗಾಧರಯ್ಯನವರು ಪ್ರಸಾದದ ಎಲೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡರು. “ದೇವಿಯ ಮುಂದೆ ನಿಂತು ವ್ಯಾಪಾರದ ಮಾತೇಕಯ್ಯ ದಾಸಣ್ಣ? ಧೈರ್ಯವಾಗಿರು.”

ಧೈರ್ಯವಾಗಿರು ಎಂದರೆ ಇದೆ ಎಂದೇ ಅರ್ಥವೆಂದು ದಾಸಣ್ಣ ತಿಳಿದ. ಬೆಲೆ ಇಪ್ಪತ್ತೆಂಟಾಯಿತು, ಇಪ್ಪತ್ತೆರಡಾಯಿತು. ಹುಚ್ಚಣ್ಣ ದಿನವೂ ಕುಟುಕುತ್ತಿದ್ದ. ಕರಿಯಕ್ಕ ಒಂದೆರಡು ಸಲ ಕೇಳಿದಳು. ಇಬ್ಬರಿಗೂ ಅವನದು ಒಂದೇ ಉತ್ತರ: “ಮಾರೋದಾದ್ರೆ ಹೇಳಿ ಕಳಿಸ್ತಾರೆ. ಹೇಳಿ ಕಳಿಸಿಲ್ವಲ್ಲ.”

ದೀಪಾವಳಿ ಕಳೆಯಿತು. ನವೆಂಬರ್ ಹದಿಮೂರನೆಯ ತಾರೀಖು, ಗುರುವಾರ, ಕರಿಯಕ್ಕ ಕಾಸಿ ಕೊಟ್ಟ ತುಪ್ಪದ ತಂಬಿಗೆ ಹಿಡಿದು ದಾಸಣ್ಣ ಮಧುಗಿರಿಗೆ ಹೋದ. ಗಂಗಾಧರಯ್ಯನವರು ಕೋರ್ಟಿನಿಂದ ಬಂದಿರಲಿಲ್ಲ. ರಾಜಲಕ್ಷ್ಮಮ್ಮನವರು ಉಪಚರಿಸಿ, ಹೊಸದಾಗಿ ಕಟ್ಟಿಸಿದ ಮಹಡಿಯ ವರಾಂಡದಲ್ಲಿ ಕೂರಿಸಿ ಕಾಫಿ ತಂದುಕೊಟ್ಟರು. ಅಲ್ಲಿಂದ ಮಧುಗಿರಿಯ ಬೆಟ್ಟ ಬುಡದಿಂದ ತುದಿಯವರೆಗೆ ಕಾಣುತ್ತಿತ್ತು.

“ಭಾಳ ಚೆನ್ನಾಗಿ ಕಟ್ಟಿಸಿದ್ದೀರಿ ತಾಯಿ.”

“ನಮ್ಮದೇನಿದೆಯಪ್ಪ, ಎಲ್ಲಾ ಆ ಪಂಪ್‌ಸೆಟ್ ಷೇರಿನ ಪುಣ್ಯ,” ಎಂದರು ಆ ಸಾಧ್ವಿ, ಏನೂ ಅರಿಯದೆ. “ಶಿವರಾತ್ರಿಗೆ ಮುಂಚೇನೇ ಅಷ್ಟನ್ನೂ ಕೊಟ್ಟುಬಿಟ್ರಲ್ಲ. ಕೊನೇ ಕಂತು ತಗೊಂಡೋರು ಶಿರಾ ಕಡೆ ಯಾರೋ ಕುರಿಯವರ ಹೆಂಗಸಂತೆ. ಬ್ರೋಕರಿಗೆ ಕೊಡೋ ಕಮಿಷನ್ನೂ ಉಳೀತು ಅಂತಿದ್ರು.”

ದಾಸಣ್ಣ ಲೋಟವನ್ನು ಕೆಳಗಿಟ್ಟ. ಕಾಫಿ ಅರ್ಧ ಉಳಿದಿತ್ತು. ಹೆಬ್ಬೆಟ್ಟಿನ ಮಸಿ ಹೋಗದೆ ಅಕ್ಕ ಅಂದು ಬಸ್ಸಿನಲ್ಲಿ ಸೆರಗಿಗೆ ಬೆರಳನ್ನು ತಿಕ್ಕುತ್ತ ಕುಳಿತಿದ್ದದ್ದು ಅವನ ಕಣ್ಣಿಗೆ ಕಟ್ಟಿತು.

ಗಂಗಾಧರಯ್ಯನವರು ಬಂದಾಗ ಅವನು ಎದ್ದು ನಿಂತ, ಕೈ ಮುಗಿಯಲಿಲ್ಲ.

“ನಮ್ಮಕ್ಕುಂಗೆ ಮಾರಿದ್ದು ನಿಮ್ದೇಯಾ ಸ್ವಾಮಿ?”

ಅವರು ಹೆಂಡತಿಯ ಕಡೆ ಒಮ್ಮೆ ನೋಡಿದರು. ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು.

“ಯಾರದಾದರೇನಯ್ಯ? ಅವತ್ತಿನ ಮಾರ್ಕೆಟ್ ರೇಟು. ಒಂದು ಪೈಸೆ ಹೆಚ್ಚು ತಗೊಂಡಿಲ್ಲ.”

“ಜೊತೆಗುರಿ ಕಟ್ಟಿದ್ದೀನಿ ಅಂದ್ರಿ.”

“ನೀನು ಕೇಳಿದ ದಿನ ಇತ್ತು. ಸುಳ್ಳು ಹೇಳಿಲ್ಲ.”

“ಮಾರಾಕ್ ಮುಂಚೆ ಒಂದು ಮಾತು ಹೇಳಿ ಕಳಿಸಬೌದಿತ್ತಲ್ಲ. ಕುರಿ ಕಾಯ್ಲೆ ಬಂದಾಗ ನಾನು ಕಳಿಸಿರ್ಲಿಲ್ವಾ?”

“ನಾನು ಮಾರ್ತಿದ್ದೀನಿ ಅಂತ ನಿನಗೆ ಹೇಳಿದ್ರೆ ನಾಲ್ಕು ತಾಲ್ಲೂಕಿಗೂ ಗೊತ್ತಾಗ್ತಿತ್ತು. ನನ್ನ ನೋಡಿ ಕೊಂಡೋರೆಲ್ಲ ನನ್ನ ನೋಡಿ ಮಾರೋಕೆ ನಿಂತಿದ್ರೆ ಆ ರೇಟು ನನಗೆ ಸಿಗ್ತಿತ್ತೇನಯ್ಯ?” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಕಕ್ಷಿದಾರನಿಗೆ ಕಾನೂನು ತಿಳಿಹೇಳುವ ತಾಳ್ಮೆಯಿತ್ತು. “ಇದು ಕುರಿ ಅಲ್ಲ ದಾಸಣ್ಣ, ಷೇರು. ಇದಕ್ಕೆ ನಿಮ್ಮ ಹಟ್ಟಿ ಕಟ್ಟುಪಾಡು ಅನ್ವಯಿಸೋಲ್ಲ.”

“ಕಾನೂನಿಗಿಂತ ವಾಸಿ ಅಂದಿದ್ರಿ,” ಎಂದ ದಾಸಣ್ಣ.

ಹೇಳಿ ಹೊರಟ. ತುಪ್ಪದ ತಂಬಿಗೆ ಮಹಡಿಯ ಮೆಟ್ಟಿಲ ಬಳಿಯೇ ಇತ್ತು. ಇಳಿಯುವಾಗ ಅದನ್ನು ಎತ್ತಿಕೊಳ್ಳಲೋ ಬೇಡವೋ ಎಂದು ಗಳಿಗೆ ನಿಂತ. ಅಕ್ಕ ಕಾಸಿದ ತುಪ್ಪ. ಎತ್ತಿಕೊಂಡು ಬಂದ.

ಹಟ್ಟಿ ತಲುಪಿದಾಗ ಕರಿಯಕ್ಕ ಕುರಿಗಳನ್ನು ರೊಪ್ಪಕ್ಕೆ ತುಂಬುತ್ತಿದ್ದಳು. ತಂಬಿಗೆ ತುಂಬಿಯೇ ವಾಪಸಾದುದನ್ನು ಕಂಡು ಕೈ ನಿಲ್ಲಿಸಿದಳು. ಅವನು ಒಂದನ್ನೂ ಮುಚ್ಚಿಡದೆ ಹೇಳಿದ.

“ಅಂಗಾರೆ ನಾನು ತಗಂಡಿದ್ದು ಅವರ್ದೇಯಾ?”

“ಊಂ ಕಣಕ್ಕ.”

“ನೀನು ಅವ್ರ ಹತ್ರ ಏನ್ ನೋಡ್ದೆ? ಹಲ್ಲು ನೋಡಿದ್ಯಾ, ಬೆನ್ನು ಮುಟ್ಟಿದ್ಯಾ?”

“ಇಲ್ಲ ಕಣಕ್ಕ. ಅವರು ಕೈ ಇಕ್ಕಿದ್ರು, ಅಷ್ಟೇ ನೋಡ್ದೆ.”

“ನೀನೇ ಕರ್ಕಂಡೋದೆ ಕಣ್ಲಾ,” ಎಂದಳು ಅವಳು. ಬೈದ ಹಾಗಿರಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಡಿಸೆಂಬರಿನಲ್ಲಿ ತುಮಕೂರಿನವರೊಬ್ಬರ ಮೂಲಕ ಅವಳ ಷೇರುಗಳು ಹದಿನೈದರಂತೆ ಹೋದವು. ಅವಳು ಮಾರುವ ತನಕ ದಾಸಣ್ಣ ತನ್ನದನ್ನು ಮುಟ್ಟಲಿಲ್ಲ. ಆಮೇಲೆ ಮಾರಲು ಅವನಿಗೆ ಮನಸ್ಸೇ ಬರಲಿಲ್ಲ. ಆ ಕಂಪನಿಗೆ 1988ರಲ್ಲಿ ಬೀಗ ಬಿತ್ತು. ನಮ್ಮ ಕಥೆ ಅಲ್ಲಿಯತನಕ ಹೋಗಬೇಕಾಗಿಲ್ಲ. ದಾಸಣ್ಣ ತನ್ನ ಹಿಂಡಿನಿಂದ ಅರ್ಧ ಕುರಿಗಳನ್ನು ಅಕ್ಕನ ರೊಪ್ಪಕ್ಕೆ ಹೊಡೆದನಾದರೂ ಮರುದಿನ ಬೆಳಿಗ್ಗೆ ಅವು ಅವನ ರೊಪ್ಪದಲ್ಲೇ ಇದ್ದವು. ಹಟ್ಟಿಯ ಅಂಚಿನ ತಳಪಾಯದ ಮೇಲೆ ಹುಲ್ಲು ಬೆಳೆಯಿತು. ಹುಚ್ಚಣ್ಣ ಮೋಟಾರಿನ ಮಾತನ್ನು ಮತ್ತೆ ಎತ್ತಲಿಲ್ಲ. ಅವನು ಸುಮ್ಮನಾದದ್ದೇ ದಾಸಣ್ಣನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

1987ನೆಯ ಇಸವಿ ಏಪ್ರಿಲ್ ಏಳನೆಯ ತಾರೀಖು, ಯುಗಾದಿಯ ಮುಂದಿನ ವಾರದ ಮಂಗಳವಾರ, ಕರಿಯಕ್ಕ ಉಳಿದ ಹಣ ಸೆರಗಿಗೆ ಗಂಟು ಹಾಕಿಕೊಂಡು ಶಿರಾ ಸಂತೆಗೆ ಹೊರಟಳು. ದಾಸಣ್ಣ ವಾಡಿಕೆಯಂತೆ ಮುಂದೆ ನಡೆದ. ಬೇಲಿಯ ಪಕ್ಕದ ಒಂದು ಹಿಂಡು ಅವನಿಗೆ ಒಪ್ಪಿಗೆಯಾಯಿತು. ಬಾಯಿ ಬಿಡಿಸಿ, ಬೆನ್ನು ಮುಟ್ಟಿ, ರೆಪ್ಪೆ ಎಳೆದು ಐದು ಕುರಿಗಳನ್ನು ಬದಿಗೆ ನಿಲ್ಲಿಸಿದ. ಆರನೆಯದನ್ನು, ತನ್ನ ಜೊತೆಗುರಿಯನ್ನು, ಹಿಡಿಯಲು ಬಗ್ಗಿದ.

“ಅದು ಬ್ಯಾಡ ಬುಡು,” ಎಂದಳು ಕರಿಯಕ್ಕ.

“ಜೊತೆಗೆ ಕಣಕ್ಕ.”

“ಜೊತೆ ಬ್ಯಾಡ. ಸುಮ್ಕೆ ತಲೆ ಹಿಡ್ಕಾ.”

ಅವಳು ಮೊದಲನೆಯ ಕುರಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಅದರ ಬಾಯಿ ಬಿಡಿಸಿದಳು. ತಮ್ಮ ಈಗಷ್ಟೇ ನೋಡಿದ ಹಲ್ಲುಗಳನ್ನು ಅರವತ್ತು ದಾಟಿದ ಕಣ್ಣುಗಳನ್ನು ಕಿರಿದು ಮಾಡಿ ತಾನೂ ನೋಡಿದಳು. ಬೆನ್ನೆಲುಬಿನ ಮೇಲೆ ಬೆರಳಾಡಿಸಿದಳು. ಎರಡನೆಯದರ ಬಳಿಗೆ ಸರಿದಳು. ಐದನ್ನೂ ನೋಡಿದಳು. ಒಂದನ್ನು ಬೇಡವೆಂದು ಹಿಂದಕ್ಕೆ ತಳ್ಳಿದಳು. ಅದು ಒಳ್ಳೆಯ ಕುರಿಯೇ ಆಗಿತ್ತು. ದಾಸಣ್ಣ ಅದರ ತಲೆ ಬಿಟ್ಟ.

“ನಿನ್ ಮ್ಯಾಲೆ ಅನುಮಾನ ಅಂತಲ್ಲ ಕಣ್ಲಾ ದಾಸ,” ಎಂದಳು ಅವನ ಮುಖ ನೋಡದೆ.

ಆಮೇಲೆ ಎದ್ದು, ಅವನ ಹೆಗಲ ಮೇಲಿನ ಟವೆಲನ್ನು ತೆಗೆದುಕೊಂಡಳು. ಆ ಸಂತೆಯಲ್ಲಿ ಹೆಂಗಸರು ಟವೆಲಿನ ಕೆಳಗೆ ಕೈ ಇಟ್ಟದ್ದನ್ನು ಕಂಡವರಿರಲಿಲ್ಲ. ಮಾರುವವನು ದಾಸಣ್ಣನತ್ತ ನೋಡಿದ, ದಾಸಣ್ಣ ನೆಲ ನೋಡಿದ. ಮಾರುವವನು ಅಳುಕುತ್ತಲೇ ಕೈ ಚಾಚಿದ. ಕರಿಯಕ್ಕ ಅದರ ಮೇಲೆ ಟವೆಲು ಹೊದಿಸಿ ತನ್ನ ಕೈಯನ್ನು ಒಳಗೆ ತೂರಿಸಿದಳು.

ಟವೆಲು ಬಹಳ ಹೊತ್ತು ಅಲುಗಾಡಿತು. ಏನು ಬೆಲೆಯಾಯಿತೆಂಬುದು ಪಕ್ಕದಲ್ಲೇ ನಿಂತಿದ್ದ ದಾಸಣ್ಣನಿಗೆ ತಿಳಿಯಲಿಲ್ಲ. ಅವಳೂ ಹೇಳಲಿಲ್ಲ.